ದಾಳ ಓರೆ ನಿಂತಾಗ ತೀರ್ಪು ಯಾರದು?

ಫೆಸ್ಟ್ ಪೋಸ್ಟರಿನ ಕೊನೆಯ ಸಾಲನ್ನ ನೀವೆಲ್ಲ ಓದಿರ್ತೀರಿ. ಪ್ರವೇಶ ಶುಲ್ಕ, ಜಾಗ, ಸಮಯ, ಇಬ್ಬರ ಮೊಬೈಲ್ ನಂಬರು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಆಯೋಜಕರ ತೀರ್ಮಾನವೇ ಅಂತಿಮ’. ಓದಿದ ಮೇಲೆ ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಳ್ಳೋದಿಲ್ಲ. ನಮಗೆ ಮಾತ್ರ ಆ ಸಾಲಿನ ಮೇಲೆ ಒಂದು ತಕರಾರಿದೆ. ಆ ತಕರಾರು ಏನು, ಯಾಕೆ ಅಂತ ಇಲ್ಲಿ ಬಿಡಿಸಿ ಹೇಳ್ತೀವಿ.

ಈ ಸಲ ರಾಜ್ಯೋತ್ಸವಕ್ಕೆ ಕನ್ನಡ ಸಂಘದಿಂದ ಚೌಕಾಬಾರ ಮತ್ತು ಗೊಂಬೆ-ಯುದ್ಧ, ಎರಡರ ಪಂದ್ಯಾನೂ ಇಡೋಣ ಅನ್ನೋ ಮಾತು ನಡೆದಿದೆ. ಬಹಳ ಸಂತೋಷ. ಆದ್ರೆ ನಿಯಮದ ಹಾಳೆ ಪ್ರಿಂಟಿಗೆ ಹೋಗೋ ಮೊದಲೇ ನಮ್ಮ ಮಾತನ್ನ ಹೇಳಿಬಿಡ್ತೀವಿ. ನಾವು ಅಂದ್ರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯಿಂದ ಬಂದು ಒಂದೇ ಹಾಸ್ಟೆಲ್ ಕಾರಿಡಾರಿನಲ್ಲಿ ಬಿದ್ದಿರೋ ಗುಂಪು. ಶನಿವಾರ ರಾತ್ರಿ ಊಟ ಆದ ಮೇಲೆ ನಮ್ಮ ಟೇಬಲ್ ಸುತ್ತ ಏಳೋ ಗದ್ದಲ ಕೆಳಗಿನ ಫ್ಲೋರಿಗೂ ಕೇಳಸ್ತದ ಅಂತ ದೂರು ಐತಿ. ‘ಇವ್ರು ಆಡೂದು ಒಂದ್ ತಾಸು, ಜಗಳಾಡೂದು ಎರಡ್ ತಾಸು’ ಅಂತ ಹೆಸರೂ ಬಿದ್ದೈತಿ. ಲೆಕ್ಕ ಹೆಚ್ಚುಕಡಿಮೆ ಸರಿ ಇದೆ.

ನಮ್ಮ ವಾದ ಇಷ್ಟೇ. ಯಾವ ಆಟದ ನಿಯಮವೂ ಪೂರ್ತಿ ಸ್ಪಷ್ಟ ಇರೋದಿಲ್ಲ, ಇರೋಕೆ ಸಾಧ್ಯವೂ ಇಲ್ಲ. ಹಾಗಾಗಿ ಜಗಳ ಬರೋದು ಸಹಜ. ಕೇಳಬೇಕಾದ ಪ್ರಶ್ನೆ ‘ನಿಯಮ ಏನು ಹೇಳ್ತದೆ’ ಅನ್ನೋದೊಂದೇ ಅಲ್ಲ. ‘ಅದರ ಅರ್ಥ ಹೇಳೋರು ಯಾರು, ಆ ಅರ್ಥದಿಂದ ಅವರಿಗೆ ಲಾಭ ಇದೆಯಾ’ ಅನ್ನೋದನ್ನೂ ಕೇಳಬೇಕು. ಲಾಭ ಇರೋ ಮನುಷ್ಯ ತೀರ್ಪು ಕೊಡಬಾರದು.

ಅಕ್ಷರ ಪಕ್ಷ, ಆಶಯ ಪಕ್ಷ

ಗೊಂಬೆ-ಯುದ್ಧ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಮಿನಿಯೇಚರ್ ವಾರ್‌ಗೇಮ್ ಅಂತಾರಲ್ಲ, ಅದೇ. ಟೇಬಲ್ ಮೇಲೆ ರಟ್ಟಿನ ಗೋಡೆ, ಥರ್ಮಾಕೋಲಿನ ಗುಡ್ಡ, ಬೆರಳುದ್ದದ ಸಿಪಾಯಿಗಳು. ಚದುರಂಗದ ಹಾಗೆ ಇಲ್ಲಿ ಚೌಕದ ಮನಿ ಇರೋದಿಲ್ಲ. ಅಳತೆ ಟೇಪ್ ಹಿಡಿದು ಇಷ್ಟು ಇಂಚು ಅಂತ ಗೊಂಬೆ ಸರಿಸಬೇಕು, ಗುಂಡು ತಾಗಿತೋ ಇಲ್ಲವೋ ಅಂತ ದಾಳ ಹಾಕಿ ನೋಡಬೇಕು. ಅಂಗಡಿಯಲ್ಲಿ ಸಿಗೋ ವಾರ್‌ಹ್ಯಾಮರ್ ಗೊಂಬೆಗಳ ಬೆಲೆ ಕೇಳಿದ್ರೆ ಮೆಸ್ ಬಿಲ್ ನೆನಪಾಗ್ತದೆ. ಹಾಗಾಗಿ ನಮ್ಮ ಮೊದಲ ಸೈನ್ಯ ಮಣ್ಣಿನದು. ಪ್ರತಿ ವರ್ಷ ಮಣ್ಣೆತ್ತಿನ ಅಮಾಸಿಗೆ ಎತ್ತು ಮಾಡಿ ಕೈ ಪಳಗಿತ್ತು, ಅದೇ ಕೈಯಿಂದ ಸಿಪಾಯಿಗಳೂ ಹುಟ್ಟಿದರು. ಆಮೇಲೆ ತ್ರೀಡಿ ಪ್ರಿಂಟರಿನವು ಬಂದವು.

ಚೌಕದ ಮನಿ ಇಲ್ಲದಿರೋದೇ ಎಲ್ಲ ಜಗಳದ ಬೇರು. ಚದುರಂಗದಲ್ಲಿ ಕುದುರೆ ಯಾವ ಮನಿಯಲ್ಲಿದೆ ಅಂತ ಯಾರೂ ವಾದ ಮಾಡೋದಿಲ್ಲ. ಇಲ್ಲಿ ಹಾಗಲ್ಲ. ಗೋಡೆ ಹಿಂದೆ ನಿಂತ ಸಿಪಾಯಿಯ ಭರ್ಚಿ ತುದಿ ಮಾತ್ರ ಮೇಲೆ ಇಣುಕ್ತಾ ಇದೆ ಅಂದುಕೊಳ್ಳಿ. ‘ಗುರಿ ಕಣ್ಣಿಗೆ ಕಾಣಬೇಕು’ ಅಂತ ನಿಯಮ. ಒಬ್ಬ ಅಂತಾನ, ‘ಕಾಣಾಕತ್ತೈತಿ, ಹೊಡಿತೀನಿ.’ ಇನ್ನೊಬ್ಬ ಅಂತಾನ, ‘ಭರ್ಚಿ ಕಾಣಾಕತ್ತೈತಿ, ಮನಷ್ಯಾ ಎಲ್ಲಿ ಕಾಣಾಕತ್ತಾನ? ಭರ್ಚಿಗೆ ಗುಂಡು ಹೊಡದ್ರ ಸಿಪಾಯಿ ಹೆಂಗ ಸಾಯ್ತಾನ?’ ಅಳತೆ ಎಲ್ಲಿಂದ ಹಿಡೀಬೇಕು ಅನ್ನೋದು ಇನ್ನೊಂದು. ಗೊಂಬೆಯ ಪೀಠದ ಅಂಚಿನಿಂದಲೋ, ಅದರ ನಡುವಿನಿಂದಲೋ? ಅರ್ಧ ಇಂಚಿನ ವ್ಯತ್ಯಾಸ, ಅಷ್ಟರಲ್ಲೇ ಕೋಟೆ ಉಳೀತದೆ ಇಲ್ಲ ಹೋಗ್ತದೆ. ದಾಳ ಪುಸ್ತಕಕ್ಕೆ ಒರಗಿ ಓರೆ ನಿಂತರೆ ಅದು ಆರೋ, ಮತ್ತೊಮ್ಮೆ ಹಾಕಬೇಕೋ? ಎರಡೂ ಕಡೆಯವರ ಕೈಯಲ್ಲಿ ‘ಈ ಗೊಂಬೆ ಮೊದಲು ಹೊಡೆಯುತ್ತದೆ’ ಅನ್ನೋ ವಿಶೇಷ ಗುಣ ಇದ್ದರೆ ಮೊದಲು ಯಾರು? ಆಪರೇಟಿಂಗ್ ಸಿಸ್ಟಮ್ ಪೇಪರಿನಲ್ಲಿ ಡೆಡ್‌ಲಾಕ್ ಓದಿದವರಿಗೆ ಈ ಕೊನೆಯದನ್ನ ಬಿಡಿಸಿ ಹೇಳೋ ಅಗತ್ಯ ಇಲ್ಲ.

ಇಂಥ ಹೊತ್ತಿನಲ್ಲಿ ಟೇಬಲ್ ಎರಡು ಪಕ್ಷ ಆಗ್ತದೆ. ಪುಸ್ತಕದಲ್ಲಿ ಬರೆದದ್ದಷ್ಟೇ ನಿಯಮ, ಒಂದು ಅಕ್ಷರ ಹೆಚ್ಚಿಲ್ಲ ಕಡಿಮೆ ಇಲ್ಲ ಅನ್ನೋದು ಅಕ್ಷರ ಪಕ್ಷ. ಬರೆದವರ ಮನಸ್ಸಿನಲ್ಲಿ ಏನಿತ್ತು ಅಂತ ನೋಡಬೇಕು ಅನ್ನೋದು ಆಶಯ ಪಕ್ಷ. ಎರಡಕ್ಕೂ ಬೆಲೆ ಇದೆ. ಅಕ್ಷರ ಬಿಟ್ಟರೆ ನಾಳೆ ಯಾರು ಬೇಕಾದರೂ ‘ನನಗ ಹಿಂಗ ಅನ್ನಿಸ್ತು’ ಅಂತ ಆಟ ತಿರುಗಿಸಬಹುದು. ಆಶಯ ಬಿಟ್ಟರೆ ಭರ್ಚಿ ತುದಿಗೆ ಗುಂಡು ಹೊಡೆದು ಮನುಷ್ಯನನ್ನ ಸಾಯಿಸೋ ಹುಚ್ಚಾಟ ಶುರುವಾಗ್ತದೆ.

ಇಷ್ಟು ದಿನ ಟೇಬಲ್ ಸುತ್ತ ನಿಂತು ನೋಡಿದ್ದರಿಂದ ನಮಗೆ ಒಂದು ವಿಷಯ ಖಚಿತ ಆಗಿದೆ. ಯಾರೂ ಹುಟ್ಟಿನಿಂದ ಅಕ್ಷರ ಪಕ್ಷದವರಲ್ಲ, ಆಶಯ ಪಕ್ಷದವರೂ ಅಲ್ಲ. ಹೋದ ವಾರ ಅಕ್ಷರ ಹಿಡಿದು ಕೂಗಿದವ ಈ ವಾರ ತನ್ನ ಸಿಪಾಯಿ ಸಾಯೋ ಹೊತ್ತಿಗೆ ಆಶಯದ ಪರ ನಿಂತಿರ್ತಾನೆ. ಅವನು ಕೆಟ್ಟವನು ಅಂತಲ್ಲ, ಮೋಸ ಮಾಡ್ತಾನೆ ಅಂತಲೂ ಅಲ್ಲ. ಗೆಲ್ಲಬೇಕು ಅನ್ನೋ ಆಸೆ ಇರೋ ಕಣ್ಣಿಗೆ ನಿಯಮ ಹಾಗೇ ಕಾಣ್ತದೆ. ಆದ್ದರಿಂದ ಆಡೋರು ಎಷ್ಟೇ ಪ್ರಾಮಾಣಿಕರಾದರೂ ತಮ್ಮ ಆಟದ ತೀರ್ಪನ್ನ ತಾವೇ ಕೊಡೋದು ಆಗದ ಮಾತು.

ವಾರ್‌ಹ್ಯಾಮರ್ ಮಾಡಿದವರಿಗೂ ಇದು ಗೊತ್ತಿತ್ತು. ಮಾತಿನಲ್ಲಿ ಬಗೆಹರಿಯದಿದ್ದರೆ ದಾಳ ಹಾಕಿ ನಿರ್ಧಾರ ಮಾಡಿ, ಆಟ ಮುಂದುವರಿಸಿ ಅಂತ ಅವರ ನಿಯಮದ ಪುಸ್ತಕಗಳಲ್ಲೇ ಹೇಳಿದೆ. ನೂರಾರು ಪುಟ ನಿಯಮ ಬರೆದವರೇ ‘ಕೊನೆಗೆ ದಾಳ ಹಾಕ್ರಿ’ ಅಂತಾರೆ ಅಂದ್ರೆ ನಗು ಬರಬಹುದು. ಆದ್ರೆ ಅದರಲ್ಲಿ ವಿವೇಕ ಇದೆ. ದಾಳಕ್ಕೆ ಬುದ್ಧಿ ಇಲ್ಲ ನಿಜ, ಅದರ ಜೊತೆಗೆ ಅದಕ್ಕೆ ಪಕ್ಷಾನೂ ಇಲ್ಲ.

ಪುಸ್ತಕವೇ ಇಲ್ಲದ ಆಟ

ಇನ್ನು ಚೌಕಾಬಾರ. ಗೊಂಬೆ-ಯುದ್ಧಕ್ಕೆ ಪುಸ್ತಕನಾದರೂ ಇದೆ, ಇದಕ್ಕೆ ಅದೂ ಇಲ್ಲ. ಕಟ್ಟಿ ಮೇಲೆ ಖಡುದಿಂದ ಐದೈದು ಮನಿ ಬರೆದು, ನಾಲ್ಕು ಕವಡಿ ಇಲ್ಲ ಒಂದು ಬದಿ ತಿಕ್ಕಿ ಬಿಳಿ ಮಾಡಿದ ಹುಣಸಿ ಬೀಜ ಹಿಡಿದು, ಬಳಿ ಚೂರನ್ನೋ ಹಳ್ಳನ್ನೋ ಕಾಯಿ ಮಾಡಿಕೊಂಡು ಕೂತರೆ ಆಟ ಶುರು. ನಾಲ್ಕೂ ಕವಡಿ ಬಾಯಿ ತೆರೆದರೆ ಚೌಕಾ, ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರಾ, ಎಂಟು. ಎರಡಕ್ಕೂ ಮತ್ತೊಂದು ಸಲ ಕವಡಿ ಹಾಕೋ ಅವಕಾಶ. ಇಲ್ಲಿಯವರೆಗೆ ಎಲ್ಲರದೂ ಒಂದೇ.

ಇದರಾಚೆಗೆ ಮನಿಗೊಂದು ಕಾಯ್ದೆ. ಸತತ ಮೂರು ಸಲ ಚೌಕಾ ಬಿದ್ದರೆ ಒಬ್ಬರ ಮನಿಯಲ್ಲಿ ಮೂರೂ ಹೋಯ್ತು, ಇನ್ನೊಬ್ಬರ ಮನಿಯಲ್ಲಿ ಮೂರನೇದು ಮಾತ್ರ ಹೋಯ್ತು. ಎದುರಿನವರ ಕಾಯಿ ಒಂದಾದರೂ ಕಡಿಯದೆ ಒಳಸುತ್ತಿಗೆ ಹೋಗೋ ಹಾಗಿಲ್ಲ ಅಂತ ಕೆಲವರು, ಹೋಗಬಹುದು ಅಂತ ಕೆಲವರು. ಒಂದೇ ಮನಿಯಲ್ಲಿ ಜೋಡಿ ಕಾಯಿ ಕೂತಿದ್ದರೆ ಒಂಟಿ ಕಾಯಿ ಬಂದು ಅದನ್ನ ಕಡಿಯಬಹುದಾ? ಹಣ್ಣಾಗೋಕೆ ಸರಿಯಾದ ಲೆಕ್ಕವೇ ಬೀಳಬೇಕಾ? ಕವಡಿ ಒಂದರ ಮೇಲೊಂದು ಏರಿ ಕೂತರೆ, ಕಟ್ಟಿಯಿಂದ ಕೆಳಗೆ ಉರುಳಿದರೆ? ಹಾಸ್ಟೆಲ್ಲಿಗೆ ಬಂದು ಮೊದಲ ಸಲ ಒಟ್ಟಿಗೆ ಆಡೋಕೆ ಕೂತಾಗ ಪ್ರತಿಯೊಬ್ಬರೂ ತಮ್ಮ ಮನಿಯ ಕಾಯ್ದೆಯೇ ಜಗತ್ತಿನ ಕಾಯ್ದೆ ಅಂತ ನಂಬಿದ್ದೆವು. ‘ನಮ್ಮ ಆಯಿ ಹಿಂಗ ಆಡಸ್ತಾಳ’ ಅನ್ನೋದೇ ನಮ್ಮೆಲ್ಲರ ಆಧಾರ ಗ್ರಂಥ.

ಈ ಆಟಗಳು ಇಂದು ನಿನ್ನೆಯವಲ್ಲ. 12ನೇ ಶತಮಾನದ ಕಲ್ಯಾಣ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಆಟಗಳಿಗೇ ಒಂದು ಭಾಗ ಮೀಸಲಿಟ್ಟಿದ್ದಾನೆ. ಆ ಕಾಲಕ್ಕೆ ಸವದತ್ತಿ, ಅಂದರೆ ಸುಗಂಧವರ್ತಿಯ ರಟ್ಟರು ಅದೇ ಚಾಲುಕ್ಯರ ಸಾಮಂತರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ಬೋರ್ಡ್ ಆಟಗಳನ್ನ ಬರೆಸಿಟ್ಟರು. ರಾಜರು ಬರೆಸಿದ್ದು ಅರಮನೆಯಲ್ಲಿ ಉಳೀತು. ಕಟ್ಟಿ ಮೇಲಿನ ಆಟ ಮಾತ್ರ ಬಾಯಿಂದ ಬಾಯಿಗೆ ದಾಟುತ್ತಾ, ದಾಟಿದಲ್ಲೆಲ್ಲ ಒಂದಿಷ್ಟು ಬದಲಾಗುತ್ತಾ ಬಂತು. ಅದು ಕೊರತೆ ಅಂತ ನಮಗೆ ಅನ್ನಿಸೋದಿಲ್ಲ. ಒಂದೇ ಆಟಕ್ಕೆ ನೂರು ಮನಿ ಸೇರಿ ನೂರು ರೂಪ ಕೊಟ್ಟಿವೆ.

ಹಾಗಾದ್ರೆ ಪುಸ್ತಕ ಇಲ್ಲದೆ ಊರಿನಲ್ಲಿ ಜಗಳ ಹೇಗೆ ಮುಗೀತಿತ್ತು? ನೆನಪು ಮಾಡಿಕೊಳ್ಳಿ. ಪಡಸಾಲಿಯಲ್ಲಿ ಮಕ್ಕಳು ಆಡ್ತಿದ್ದರೆ ಬದಿಗೆ ಆಯಿ ಕಾಯಿಪಲ್ಲೆ ಸೋಸ್ತಾ ಕೂತಿರ್ತಿದ್ದಳು. ಗದ್ದಲ ಎದ್ದಾಗ ಎಲ್ಲರೂ ಅವಳ ಕಡೆ ತಿರುಗ್ತಿದ್ದೆವು. ಅವಳು ತಲೆ ಎತ್ತದೇ, ‘ಏರಿ ಕುಂತ ಕವಡಿ ಲೆಕ್ಕಕ್ಕಿಲ್ಲ, ಮತ್ತೊಮ್ಮೆ ಹಾಕ್ರಿ’ ಅಂತಿದ್ದಳು, ಜಗಳ ಅಲ್ಲಿಗೆ ಮುಗೀತು. ಅವಳ ಮಾತು ನಡೆದದ್ದು ಹಿರಿಯಳು ಅನ್ನೋ ಕಾರಣಕ್ಕೆ ಮಾತ್ರ ಅಲ್ಲ. ಅದೇ ಆಯಿ ತಾನೇ ಕಾಯಿ ಹಿಡಿದು ಆಡೋಕೆ ಕೂತ ದಿನ ಅವಳ ತೀರ್ಪನ್ನ ಯಾರೂ ಬಿಡ್ತಿರಲಿಲ್ಲ. ‘ಆಯಿ, ನೀ ಆಡಾಕತ್ತಿ, ನೀ ಹೇಳಬ್ಯಾಡ, ಅಜ್ಜನ್ನ ಕೇಳೂಣು’ ಅಂತಿದ್ದೆವು. ನಾಲ್ಕನೇ ಕ್ಲಾಸಿನ ಮಕ್ಕಳಿಗೂ ಈ ನ್ಯಾಯ ತಿಳಿದಿತ್ತು. ಪೋಸ್ಟರ್ ಬರೆಯೋ ಹೊತ್ತಿಗೆ ಮರೆತುಹೋಗ್ತದೆ, ಅಷ್ಟೇ.

ಆಡದವನ ಕೈಗೆ ತೀರ್ಪು

ಗೊಂಬೆ-ಯುದ್ಧದ ಚರಿತ್ರೆಯಲ್ಲೂ ಇದೇ ಮಾತು ಬರ್ತದೆ. 1824ರಲ್ಲಿ ಪ್ರಷ್ಯಾದ ಫಿರಂಗಿ ದಳದ ಲೆಫ್ಟಿನೆಂಟ್ ರೈಸ್‌ವಿಟ್ಸ್ ಅನ್ನೋನು, ತನ್ನ ತಂದೆ ಶುರು ಮಾಡಿದ್ದ ಯುದ್ಧದ ಆಟವನ್ನ ತಿದ್ದಿ ನಿಯಮಗಳ ಸಮೇತ ಪ್ರಕಟಿಸಿದ. ಅದರ ಹೆಸರು ಕ್ರೀಗ್‌ಸ್ಪೀಲ್, ಅಂದ್ರೆ ಯುದ್ಧದಾಟ. ಇವತ್ತಿನ ವಾರ್‌ಗೇಮುಗಳ ಮೂಲಪುರುಷ ಅದು. ಅದರಲ್ಲಿ ಆಟಗಾರರು ಕಾಯಿ ಮುಟ್ಟೋದಿಲ್ಲ. ತಮ್ಮ ಆದೇಶವನ್ನ ಚೀಟಿಯಲ್ಲಿ ಬರೆದು ತೀರ್ಪುಗಾರನ ಕೈಗೆ ಕೊಡ್ತಾರೆ. ಅವನು ನಕ್ಷೆಯ ಮೇಲೆ ಕಾಯಿ ಸರಿಸ್ತಾನೆ, ದಾಳ ಹಾಕ್ತಾನೆ, ಯಾರಿಗೆ ಎಷ್ಟು ಕಾಣಬೇಕೋ ಅಷ್ಟೇ ತೋರಿಸ್ತಾನೆ. 1876ರ ಹೊತ್ತಿಗೆ ವೆರ್ಡಿ ಡು ವೆರ್ನ್ವಾ ಅನ್ನೋ ಸೇನಾಧಿಕಾರಿ ಇನ್ನೂ ಮುಂದೆ ಹೋದ. ಉದ್ದುದ್ದ ನಿಯಮದ ಪಟ್ಟಿ ಬೇಡ, ಅನುಭವ ಇರೋ ತೀರ್ಪುಗಾರನ ವಿವೇಚನೆಯೇ ಸಾಕು ಅಂದ. ನಿಯಮ ಎಷ್ಟು ಇರಬೇಕು ಅನ್ನೋದರಲ್ಲಿ ಅವರ ದಾರಿ ಬೇರೆಯಾಯ್ತು. ತೀರ್ಪುಗಾರ ಆಟಗಾರನಾಗಿರಬಾರದು ಅನ್ನೋದು ಮಾತ್ರ ಎರಡರಲ್ಲೂ ಹಾಗೇ ಉಳೀತು.

ಕ್ರಿಕೆಟ್ಟಿಗೆ ಬರೋಣ, ಎಲ್ಲರಿಗೂ ತಿಳಿದ ಉದಾಹರಣೆ. 2019ರ ಜುಲೈ 14, ಲಾರ್ಡ್ಸ್, ವಿಶ್ವಕಪ್ ಫೈನಲ್. ಫೀಲ್ಡರ್ ಎಸೆದ ಚೆಂಡು ಬೆನ್ ಸ್ಟೋಕ್ಸ್ ಬ್ಯಾಟಿಗೆ ಬಡಿದು ಬೌಂಡರಿಗೆ ಹೋಯ್ತು, ಅಂಪೈರ್ ಆರು ರನ್ ಕೊಟ್ಟರು. ಚೆಂಡು ಎಸೆದ ಕ್ಷಣಕ್ಕೆ ಬ್ಯಾಟರುಗಳು ಒಬ್ಬರನ್ನೊಬ್ಬರು ದಾಟಿರಬೇಕು ಅನ್ನೋದು 19.8ನೇ ನಿಯಮ. ಅವರು ದಾಟಿರಲಿಲ್ಲ, ಐದೇ ಕೊಡಬೇಕಿತ್ತು ಅಂತ ಮಾಜಿ ಅಂಪೈರ್ ಸೈಮನ್ ಟಾಫೆಲ್ ಹೇಳಿದರು. ಪಂದ್ಯ ಟೈ, ಸೂಪರ್ ಓವರೂ ಟೈ, ಕೊನೆಗೆ ಬೌಂಡರಿ ಎಣಿಸಿ ಇಂಗ್ಲೆಂಡಿಗೆ ಕಪ್. ನ್ಯೂಜಿಲೆಂಡಿಗೆ ಎಷ್ಟು ನೋವಾಗಿರಬೇಕು! ಆದರೂ ಆ ಫಲಿತಾಂಶ ನಿಂತಿತು. ಯಾಕೆ? ಅಂಪೈರುಗಳಲ್ಲಿ ಒಬ್ಬರು ಶ್ರೀಲಂಕಾದವರು, ಇನ್ನೊಬ್ಬರು ದಕ್ಷಿಣ ಆಫ್ರಿಕಾದವರು. ಯಾರು ಗೆದ್ದರೂ ಅವರಿಗೆ ಬರೋದು ಏನೂ ಇರಲಿಲ್ಲ. ಅದೇ ಆರು ರನ್ನನ್ನ ಇಂಗ್ಲೆಂಡಿನ ಅಂಪೈರ್ ಕೊಟ್ಟಿದ್ದರೆ ಇವತ್ತಿಗೂ ಜಗಳ ನಡೀತಿರ್ತಿತ್ತು. ಟೆಸ್ಟ್ ಕ್ರಿಕೆಟ್ಟಿನಲ್ಲಿ 1994ರಿಂದ ಒಬ್ಬ, 2002ರಿಂದ ಇಬ್ಬರೂ ಅಂಪೈರುಗಳು ಮೂರನೇ ದೇಶದವರಾಗಿರಬೇಕು ಅಂತ ಮಾಡಿದ್ದು ಸುಮ್ಮನೆ ಅಲ್ಲ.

ಪಾಲಿಲ್ಲದವನು ಕೊಟ್ಟ ತಪ್ಪು ತೀರ್ಪನ್ನೂ ಜನ ನುಂಗಿಕೊಳ್ತಾರೆ, ಪಾಲಿರೋನು ಕೊಟ್ಟ ಸರಿಯಾದ ತೀರ್ಪನ್ನೂ ನಂಬೋದಿಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸಿ. ಅದೇ ವರ್ಷ ಅಕ್ಟೋಬರಿನಲ್ಲಿ ಐಸಿಸಿ ಬೌಂಡರಿ ಎಣಿಸೋ ನಿಯಮ ತೆಗೆದುಹಾಕಿತು. ಮುಂದಿನ ಪಂದ್ಯಗಳಿಗೆ ನಿಯಮ ಬದಲಾಯ್ತು, ಮುಗಿದ ಪಂದ್ಯವನ್ನ ಮತ್ತೆ ಕೆದಕಲಿಲ್ಲ. ನಿಯಮ ತಿದ್ದೋ ಸರಿಯಾದ ರೀತಿ ಅದು.

ನಮ್ಮೂರಿನ ದೊಡ್ಡ ಪಾಠ

1824 ಅಂದ ಕೂಡಲೆ ನಮ್ಮ ಕಡೆಯವರಿಗೆ ನೆನಪಾಗೋದು ಕಿತ್ತೂರು, ಬರ್ಲಿನ್ ಅಲ್ಲ. ಎರಡೂ ಒಂದೇ ವರ್ಷ ಬಂದದ್ದು ಕಾಕತಾಳೀಯ. ಆದ್ರೆ ತೀರ್ಪು ಯಾರದು ಅನ್ನೋ ಪ್ರಶ್ನೆಗೆ ಕಿತ್ತೂರಿಗಿಂತ ದೊಡ್ಡ ಉದಾಹರಣೆ ನಮಗೆ ಸಿಕ್ಕಿಲ್ಲ.

ಆ ವರ್ಷ ಸಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜ ತೀರಿಕೊಂಡ. ಸ್ವಂತ ಮಕ್ಕಳಿರಲಿಲ್ಲ, ಶಿವಲಿಂಗಪ್ಪನನ್ನ ದತ್ತು ತಗೊಂಡಿದ್ದ. ಈ ದತ್ತು ನಡೀತದಾ? ಸಾಯೋ ಮೊದಲು ಆದದ್ದು ನಿಜವಾ, ಅದಕ್ಕೆ ಕಂಪನಿಯ ಒಪ್ಪಿಗೆ ಬೇಕಿತ್ತಾ? ನಮ್ಮ ಸಂಪ್ರದಾಯದಲ್ಲಿ ದತ್ತು ಮಗ ಅಂದ್ರೆ ಮಗನೇ. ಕಂಪನಿಯ ಲೆಕ್ಕ ಬೇರೆ. ಡಾಲ್‌ಹೌಸಿಯ ಕಾಲದ ದತ್ತು ನಿರಾಕರಣೆಯ ಧೋರಣೆ ಸಾತಾರಾದ ಮೇಲೆ ಜಾರಿಯಾದದ್ದು 1848ರಲ್ಲಿ, ಅಂದ್ರೆ ಇನ್ನೂ 24 ವರ್ಷ ಬಿಟ್ಟು. ನಿಯಮ ಮಸುಕಾಗಿದ್ದ ಕಾಲ ಅದು. ಆ ಮಸುಕಿನಲ್ಲಿ ಅರ್ಥ ಹೇಳಿದವನು ಧಾರವಾಡದ ಕಲೆಕ್ಟರ್ ಥ್ಯಾಕರೆ. ದತ್ತು ನಡಿಯೋದಿಲ್ಲ ಅಂದ್ರೆ ಸಂಸ್ಥಾನ ಯಾರಿಗೆ ಹೋಗ್ತದೆ? ಥ್ಯಾಕರೆ ಚಾಕರಿ ಮಾಡ್ತಿದ್ದ ಕಂಪನಿಗೆ. ರಾಣಿ ಚೆನ್ನಮ್ಮ ಮುಂಬೈ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಪತ್ರ ಬರೆದಳು. ಅಪೀಲು ಹೋದದ್ದೂ ಅದೇ ಕಂಪನಿಯ ಮೇಲಧಿಕಾರಿಗೆ. ಆಟಗಾರನೂ ಅವರೇ, ಅಂಪೈರೂ ಅವರೇ, ಮೂರನೇ ಅಂಪೈರೂ ಅವರೇ.

ಮುಂದಿನದು ನಿಮಗೆಲ್ಲ ಗೊತ್ತು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಮುಂದೆ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡಳು, ಅವಳ ಸಮಾಧಿ ಇವತ್ತಿಗೂ ಅಲ್ಲೇ ಇದೆ. ಸಂಗೊಳ್ಳಿ ರಾಯಣ್ಣನನ್ನ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

‘ನಿಯಮ ಬರೆದಿಟ್ಟಿದ್ರ ಹಿಂಗ ಆಗ್ತಿರಲಿಲ್ಲ’ ಅಂತ ಯಾರಾದರೂ ಅನ್ನಬಹುದು. ಅದಕ್ಕೆ ಉತ್ತರ ರಾಮದುರ್ಗದ ಕಡೆ ಇದೆ. ನರಗುಂದದ ಬಾಬಾಸಾಹೇಬನಿಗೂ ದತ್ತು ತಗೊಳ್ಳೋಕೆ ಬ್ರಿಟಿಷರು ಒಪ್ಪಿಗೆ ಕೊಡಲಿಲ್ಲ. ಆ ಹೊತ್ತಿಗೆ ಧೋರಣೆ ಸ್ಪಷ್ಟವಾಗಿತ್ತು, ಯಾವ ಗೊಂದಲವೂ ಉಳಿದಿರಲಿಲ್ಲ. 1858ರ ಮೇ ತಿಂಗಳಲ್ಲಿ ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಕೊಲೆಯಾಯ್ತು, ಆಮೇಲೆ ನರಗುಂದವೂ ಬಿತ್ತು. 1824ರಲ್ಲಿ ಮಸುಕು ನಿಯಮ, 1858ರಲ್ಲಿ ಸ್ಪಷ್ಟ ನಿಯಮ. ಎರಡೂ ಸಲ ಗೆದ್ದವರು ಒಬ್ಬರೇ. ಬರೆಯೋ ಕೈ ಮತ್ತು ಗೆಲ್ಲೋ ಕೈ ಒಂದೇ ಆಗಿದ್ದರೆ ಎಷ್ಟು ಸ್ಪಷ್ಟವಾಗಿ ಬರೆದರೂ ನ್ಯಾಯ ಆಗೋದಿಲ್ಲ.

ಹಾಸ್ಟೆಲ್ ಟೇಬಲ್ಲಿಗೂ ಕಿತ್ತೂರಿಗೂ ಹೋಲಿಕೆ ಮಾಡೋದು ಅತಿಯಾಯ್ತು ಅನ್ನಿಸಬಹುದು. ಪಣ ಒಂದೇ ಅಂತ ನಾವು ಹೇಳ್ತಿಲ್ಲ. ಅಲ್ಲಿ ಹೋದದ್ದು ರಾಜ್ಯ ಮತ್ತು ಜೀವ, ಇಲ್ಲಿ ಹೋಗೋದು ಹೆಚ್ಚೆಂದರೆ ಒಂದು ಟ್ರೋಫಿ. ಕೀಲು ಮಾತ್ರ ಎರಡರಲ್ಲೂ ಒಂದೇ. ಸಣ್ಣ ಟೇಬಲ್ ಮೇಲೆ ಅದನ್ನ ಗುರುತಿಸೋಕೆ ಕಲಿಯದವರು ದೊಡ್ಡ ಟೇಬಲ್ ಮುಂದೆ ಕೂತಾಗ ಹೇಗೆ ಗುರುತಿಸ್ತಾರೆ? ನಾಳೆ ನಾವು ಟೆಂಡರ್ ಓದೋರು, ಸ್ಪೆಸಿಫಿಕೇಶನ್ ಬರೆಯೋರು, ಕಾಮಗಾರಿ ಸರಿ ಇದೆಯಾ ಅಂತ ಸಹಿ ಹಾಕೋರು. ‘ಸೂಕ್ತ ಗುಣಮಟ್ಟದ’ ಅನ್ನೋ ಒಂದು ಮಾತಿಗೆ ಗುತ್ತಿಗೆದಾರ ಒಂದು ಅರ್ಥ ಹೇಳ್ತಾನೆ, ಊರಿನವರು ಒಂದು ಅರ್ಥ ಹೇಳ್ತಾರೆ.

ನಮ್ಮ ಕಾರಿಡಾರಿನ ಥ್ಯಾಕರೆಗಳು

ಹಾಗಾದ್ರೆ ನಮ್ಮ ಆಟಗಳಲ್ಲಿ ಲಾಭದ ಜಾಗದಲ್ಲಿ ಕೂತು ತೀರ್ಪು ಕೊಡೋರು ಯಾರು? ಮೂರು ಥರದವರು.

ಒಂದು, ಸೀನಿಯರ್‌ಗಳು. ‘ನಾವು ಮೂರ್ ವರ್ಷದಿಂದ ಹಿಂಗ ಆಡಾಕತ್ತೀವಿ’ ಅಂದ್ರೆ ಫಸ್ಟ್ ಇಯರ್ ಹುಡುಗರು ಬಾಯಿ ಮುಚ್ಚಿಬಿಡ್ತಾರೆ. ಆ ಮೂರು ವರ್ಷದ ಸಂಪ್ರದಾಯ ಎಲ್ಲೂ ಬರೆದಿರೋದಿಲ್ಲ, ಸೀನಿಯರ್ ಸೋಲೋ ಹೊತ್ತಿಗೆ ಮಾತ್ರ ನೆನಪಾಗ್ತದೆ.

ಎರಡು, ಆಯೋಜಕರು. ತಂಡವನ್ನೂ ಇಳಿಸ್ತಾರೆ, ನಿಯಮವನ್ನೂ ಬರೀತಾರೆ, ತೀರ್ಪನ್ನೂ ಕೊಡ್ತಾರೆ. ಎಲ್ಲ ಆಯೋಜಕರೂ ಮೋಸಗಾರರು ಅಂತ ನಾವು ಅನ್ನೋದಿಲ್ಲ. ಬಹಳಷ್ಟು ಜನ ನಿದ್ದೆಗೆಟ್ಟು ದುಡಿಯೋರೇ. ಅವರ ಮೇಲೆ ಅನುಮಾನ ಬರದ ಹಾಗೆ ಮಾಡೋದು ಅವರಿಗೂ ಒಳ್ಳೇದು.

ಮೂರನೇದು ಕನ್ನಡ ಸಂಘದವರಿಗೆ ವಿಶೇಷವಾಗಿ ಹೇಳಬೇಕಾದದ್ದು. ಇಂಗ್ಲಿಷ್ ಸರಾಗ ಓದೋರು. ಗೊಂಬೆ-ಯುದ್ಧದ ನಿಯಮಗಳೆಲ್ಲ ಇಂಗ್ಲಿಷಿನಲ್ಲಿವೆ, ವಕೀಲರ ಇಂಗ್ಲಿಷಿನಲ್ಲಿ. ಜಗಳ ಬಂದಾಗ ಯಾರು ಪಟಪಟ ಓದಿ ‘ಇಲ್ಲಿ ನೋಡು, ಹೀಗಿದೆ’ ಅಂತಾರೋ ಅವರ ಮಾತೇ ನಡೀತದೆ. ಕನ್ನಡ ಮೀಡಿಯಂನಿಂದ ಬಂದವ ಆಟ ಚೆನ್ನಾಗಿ ಆಡ್ತಾನೆ, ಟೇಬಲ್ ಮೇಲೆ ಗೆದ್ದಿರ್ತಾನೆ, ಪುಸ್ತಕ ತೆಗೆದ ಕೂಡಲೆ ಸೋಲ್ತಾನೆ. ಮುಂದಿನ ವಾರದಿಂದ ಅವನು ಟೇಬಲ್ ಕಡೆ ಬರೋದೇ ಇಲ್ಲ, ‘ಬ್ಯಾಸರಾತಪಾ’ ಅಂತಾನೆ. ಅವನಿಗೆ ಬೇಸರ ತಂದದ್ದು ಆಟ ಅಲ್ಲ. ಹೀಗೆ ಎದ್ದುಹೋದವರನ್ನ ನಾವು ನೋಡಿದ್ದೀವಿ, ಇದನ್ನ ಬರೆಯೋಕೆ ನಿಜವಾದ ಕಾರಣವೂ ಅವರೇ.

‘ಆಟಕ್ಕ ಇಷ್ಟ್ಯಾಕ?’

ಇಷ್ಟು ಓದಿದ ಮೇಲೆ ಕೆಲವರು ಹೇಳೋದು ನಮಗೀಗಲೇ ಕೇಳಸ್ತಾ ಇದೆ. ‘ಲೇ, ಆಟಕ್ಕ ಇಷ್ಟ್ಯಾಕ ತಲಿ ಕೆಡಸ್ಕೋತೀರಿ? ಸುಮ್ನ ಆಡ್ರಿ.’ ಗಮನಿಸಿ ನೋಡಿ, ಈ ಮಾತನ್ನ ಸಾಮಾನ್ಯವಾಗಿ ಹೇಳೋದು ತೀರ್ಪು ತನ್ನ ಕಡೆ ಬಂದವನು. ಸೋತವನಿಗೆ ‘ಸುಮ್ನ ಆಡು’ ಅನ್ನೋದು ಸುಲಭ ಅಲ್ಲ.

ಕುಮಾರವ್ಯಾಸನ ಗದುಗಿನ ಭಾರತದ ಸಭೆಯನ್ನ ನೆನಪಿಸಿಕೊಳ್ಳಿ. ಅಲ್ಲೂ ನಡೆದದ್ದು ಒಂದು ಆಟವೇ. ತನ್ನನ್ನೇ ಸೋತ ಮೇಲೆ ಧರ್ಮರಾಯನಿಗೆ ನನ್ನನ್ನ ಪಣಕ್ಕಿಡೋ ಹಕ್ಕು ಎಲ್ಲಿಂದ ಬಂತು ಅಂತ ದ್ರೌಪದಿ ಕೇಳೋದು ಆಟದ ನಿಯಮದ ಪ್ರಶ್ನೆ. ಅಷ್ಟು ಹಿರಿಯರು ಕೂತ ಸಭೆ ಅದಕ್ಕೆ ನೇರ ಉತ್ತರ ಕೊಡಲಿಲ್ಲ. ಉತ್ತರ ಕೊಡಬೇಕಾದ ಅಧಿಪತಿ ಗೆದ್ದವನ ಅಪ್ಪ! ‘ಆಟಕ್ಕ ಇಷ್ಟ್ಯಾಕ’ ಅಂತ ಎಲ್ಲರೂ ಸುಮ್ಮನೆ ಕೂತಾಗ ಏನಾಗ್ತದೆ ಅನ್ನೋದಕ್ಕೆ ಬೇರೆ ಕಥೆ ಬೇಕಿಲ್ಲ.

ಇನ್ನೊಂದು ಆಕ್ಷೇಪ ಇದೆ, ಅದಕ್ಕೆ ತೂಕವೂ ಇದೆ. ವಾದ ಮಾಡ್ತಾ ಕೂತರೆ ಆಟ ಮುಗಿಯೋದೇ ಇಲ್ಲ ಅಂತ. ಒಪ್ಪಿದೆವು. ಅದಕ್ಕೇ ವಾದಕ್ಕೂ ಒಂದು ಗಡಿಯಾರ ಬೇಕು. ವಾದವನ್ನ ಪೂರ್ತಿ ನಿಲ್ಲಿಸೋದು ಮಾತ್ರ ಬೇಡ. ಭರ್ಚಿ ತುದಿ ಸಿಪಾಯಿಯ ಭಾಗವೋ ಅಲ್ಲವೋ ಅಂತ ಹತ್ತು ನಿಮಿಷ ತಲೆ ಕೆಡಿಸಿಕೊಂಡವನಿಗೆ ‘ಭಾಗ’ ಅಂದ್ರೆ ಏನು ಅನ್ನೋದರ ಬಗ್ಗೆ ಹೊಸ ಯೋಚನೆ ಹುಟ್ಟಿರ್ತದೆ. ಅದೂ ಆಟದ ರುಚಿಯೇ.

ಹಾಗಾದ್ರೆ ಏನು ಮಾಡೋಣ?

ಬರೀ ತಕರಾರು ಮಾಡಿ ಎದ್ದುಹೋಗೋದು ಸರಿಯಲ್ಲ. ರಾಜ್ಯೋತ್ಸವದ ಪಂದ್ಯಕ್ಕೆ ನಮ್ಮ ಸೂಚನೆ ಹೀಗಿದೆ.

1. ನಿಯಮದ ಹಾಳೆ ಕನ್ನಡದಲ್ಲಿರಲಿ, ಪಂದ್ಯಕ್ಕೆ ಒಂದು ವಾರ ಮೊದಲೇ ನೋಟಿಸ್ ಬೋರ್ಡಿಗೆ ಬರಲಿ. ಸಂಶಯ ಕೇಳೋಕೆ ಮೂರು ದಿನ ಕೊಡಿ. ಯಾರು ಯಾರ ಎದುರು ಆಡ್ತಾರೆ ಅಂತ ಗೊತ್ತಾಗೋ ಮೊದಲೇ ಸಂಶಯಗಳು ಬಗೆಹರಿಯಲಿ. ಆಗ ಯಾರ ಲಾಭ ಎಲ್ಲಿದೆ ಅಂತ ಯಾರಿಗೂ ತಿಳಿದಿರೋದಿಲ್ಲ. ಚೌಕಾಬಾರಕ್ಕೆ ಎಲ್ಲರ ಮನಿ ಕಾಯ್ದೆಯನ್ನೂ ಕೇಳಿ, ಆ ದಿನಕ್ಕೆ ಒಂದನ್ನ ಆರಿಸಿ. ‘ಇದೇ ಅಸಲಿ ಕಾಯ್ದೆ’ ಅಂತ ಬರೀಬೇಡಿ, ‘ಈ ಪಂದ್ಯಕ್ಕೆ ಈ ಕಾಯ್ದೆ’ ಅಂತ ಬರೀರಿ.

2. ಪ್ರತಿ ಟೇಬಲ್ಲಿಗೆ ಒಬ್ಬ ತೀರ್ಪುಗಾರ ಇರಲಿ. ಆ ಪಂದ್ಯದಲ್ಲಿ ಆಡ್ತಿರಬಾರದು, ಆಡೋರ ರೂಮಿನವನಾಗಿರಬಾರದು, ಬ್ರ್ಯಾಂಚಿನವನೂ ಆಗಿರಬಾರದು. ಆಟ ಬಲ್ಲವನಾಗಿದ್ದರೆ ಒಳ್ಳೇದು, ಆದ್ರೆ ಪಾಲಿಲ್ಲದಿರೋದು ಅದಕ್ಕಿಂತ ಮುಖ್ಯ.

3. ಜಗಳ ಬಂದಾಗ ಎರಡೂ ಕಡೆಗೆ ಎರಡೆರಡು ನಿಮಿಷ, ಮೊದಲು ಮಾತು ಕಿರಿಯರದು. ತೀರ್ಪುಗಾರ ಇಬ್ಬರಿಗೂ ಒಂದೇ ಪ್ರಶ್ನೆ ಕೇಳಲಿ: ‘ಈಗ ಕುರ್ಚಿ ಅದಲುಬದಲು ಮಾಡಿದ್ರ ಇದ ಮಾತ ಹೇಳ್ತೀಯೇನು?’ ಅರ್ಧ ಜಗಳ ಅಲ್ಲೇ ಮುಗೀತದೆ.

4. ಆದರೂ ತಿಳಿಯದಿದ್ದರೆ ದಾಳ ಹಾಕಿ, ಇಲ್ಲ ಕವಡಿ. ಓರೆ ನಿಂತರೆ ಲೆಕ್ಕಕ್ಕಿಲ್ಲ, ಮತ್ತೊಮ್ಮೆ ಹಾಕಬೇಕು. ಈ ಒಂದು ವಿಷಯದಲ್ಲಿ ನಾಲ್ಕೂ ತಾಲೂಕಿನವರು ಒಪ್ಪಿದ್ದೀವಿ!

5. ಕೊಟ್ಟ ತೀರ್ಪನ್ನ ಕಾರಣ ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆ ದಿನ ಎಲ್ಲ ಟೇಬಲ್ಲಿಗೂ ಅದೇ ಅನ್ವಯ ಆಗಲಿ, ಮುಗಿದ ಆಟಕ್ಕೆ ಮಾತ್ರ ಬೇಡ. ಮುಂದಿನ ವರ್ಷ ಬರೋ ಜೂನಿಯರ್‌ಗಳಿಗೆ ‘ಮೂರ್ ವರ್ಷದಿಂದ ಹಿಂಗ ಐತಿ’ ಅನ್ನೋ ಬದಲು ಆ ನೋಟ್‌ಬುಕ್ ಕೊಡೋಣ.

ಇದಕ್ಕೆಲ್ಲ ಖರ್ಚು ಒಂದು ನೋಟ್‌ಬುಕ್ಕು, ಒಂದು ಪೆನ್ನು. ನಮ್ಮ ಗುಂಪಿನವರಲ್ಲಿ ಇಬ್ಬರು ಈ ಸಲ ಪಂದ್ಯ ಆಡದೇ ತೀರ್ಪುಗಾರರಾಗಿ ಕೂರೋಕೆ ಸಿದ್ಧ ಇದ್ದಾರೆ. ನಮ್ಮ ಕಾರಿಡಾರಿನವರು ಆಡೋ ಟೇಬಲ್ಲಿಗೆ ಮಾತ್ರ ಅವರನ್ನ ಹಾಕಬೇಡಿ. ಪೋಸ್ಟರ್ ಬರೆಯೋ ಗೆಳೆಯರಿಗೆ ಕೊನೆಯದಾಗಿ ಒಂದು ವಿನಂತಿ. ಆ ಸಣ್ಣ ಅಕ್ಷರದ ಸಾಲನ್ನ ತೆಗೆಯೋದು ಬೇಡ, ಸ್ವಲ್ಪ ತಿದ್ದಿ, ಅಕ್ಷರ ಸ್ವಲ್ಪ ದೊಡ್ಡದು ಮಾಡಿ ಹೀಗೆ ಹಾಕಿ: ‘ಪಂದ್ಯದಲ್ಲಿ ಪಾಲಿಲ್ಲದ ತೀರ್ಪುಗಾರರ ತೀರ್ಮಾನವೇ ಅಂತಿಮ.’